ಬೋರ್ಡ್ ಹೋಗಿದೆ ಅನ್ನಬೇಡ, ಪುಟ್ಟಿ

ಹಾಸನ
ಭಾನುವಾರ

ಚಿ. ಪುಟ್ಟಿಗೆ ನಿನ್ನ ಚಿಕ್ಕಮ್ಮ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಸಾಗರದ ಕಡೆ ಮಳೆ ಹಿಡಿದುಕೊಂಡಿದೆ ಅಂತ ಅಕ್ಕ ಹೇಳಿದಳು. ನಿನ್ನೆ ರಾತ್ರಿ ನೀನು ಹಳೆ ಸಾಮಾನಿನಿಂದ ಜೋಡಿಸುತ್ತಿರುವ ಕಂಪ್ಯೂಟರಿನ ಬಗ್ಗೆ ಫೋನಿನಲ್ಲಿ ಅಳು ನುಂಗಿಕೊಂಡು ಮಾತಾಡಿದಾಗ ನನಗೆ ನಗು ಬಂತು, ಬೇಜಾರು ಮಾಡ್ಕೋಬೇಡ. "ಫ್ಯಾನ್ ತಿರುಗುತ್ತೆ, ಡಿಸ್‌ಪ್ಲೇ ಬರ್ತಿಲ್ಲ, ಬೋರ್ಡ್ ಹೋಗಿದೆ ಚಿಕ್ಕಮ್ಮ" ಅಂದೆಯಲ್ಲ, ಪಾಲಿಟೆಕ್ನಿಕ್ ಲ್ಯಾಬಿನಲ್ಲಿ 22 ವರ್ಷ ಇದೇ ಮಾತು ಕೇಳಿದ್ದೇನೆ. ನಿಜವಾಗಿ ಬೋರ್ಡ್, ಅಂದರೆ ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡ್, ಹೋಗಿದ್ದು ತೀರಾ ಕಡಿಮೆ ಸಲ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಕಾಗದವನ್ನು ಪಕ್ಕದಲ್ಲೇ ಇಟ್ಟುಕೊಂಡು ಕೆಲಸ ಮಾಡು.

ಮೊದಲು ನಿನ್ನ ಸಾಮಾನು ನೋಡೋಣ. ಸೊಸೈಟಿಯವರು ಗುಜರಿಗೆ ಹಾಕಬೇಕೆಂದಿದ್ದ ಕ್ಯಾಬಿನೆಟ್ಟು ಮತ್ತು ಹಾರ್ಡ್ ಡಿಸ್ಕು. ಯಾರದೋ ಹಳೆಯ ಎಚ್61 ಬೋರ್ಡು. ಬೆಂಗಳೂರಿನ ಎಸ್‌ಪಿ ರೋಡಿನಿಂದ ತರಿಸಿದ ಐ5-3470 ಪ್ರೊಸೆಸರ್. ನಾಲ್ಕು ನಾಲ್ಕು ಜಿಬಿಯ ಎರಡು ಡಿಡಿಆರ್3 ರ‍್ಯಾಮು. ಜೋಡಿ ಸರಿಯಾಗಿದೆ, ಬೋರ್ಡೂ ಪ್ರೊಸೆಸರೂ 1155 ಸಾಕೆಟ್ಟಿನವು (ಸಾಕೆಟ್ ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ). ನಿಮ್ಮ ಮಾವ ಕೊಡುತ್ತೇನೆ ಅಂದ ಐ5-4590 ಮಾತ್ರ ಇಸ್ಕೋಬೇಡ. ಅದು 1150. ನೋಡಲು ಅವಳಿಜವಳಿ ಹಾಗಿದ್ದರೂ ಅಂಚಿನ ಕಚ್ಚು ಬೇರೆ ಜಾಗದಲ್ಲಿದೆ. ಒತ್ತಿ ಕೂರಿಸಲು ಹೋದರೆ ಸಾಕೆಟ್ಟಿನೊಳಗಿನ ಕೂದಲಿನಂಥ ಪಿನ್ನುಗಳು ಮಲಗಿಬಿಡುತ್ತವೆ. ಆಮೇಲೆ ಬೋರ್ಡು ನಿಜವಾಗಿಯೂ ಹೋದ ಹಾಗೇ.

ಈಗ ನನ್ನ ಮರ್ಯಾದೆ ಹೋದ ಕತೆ ಹೇಳುತ್ತೇನೆ. ನಿಮ್ಮಮ್ಮನಿಗೂ ಪೂರ್ತಿ ಗೊತ್ತಿಲ್ಲ. 2004ರಲ್ಲಿ ಸಂಬಳ ಕೂಡಿಟ್ಟು ನನ್ನ ಮೊದಲ ಕಂಪ್ಯೂಟರ್ ಅಸೆಂಬಲ್ ಮಾಡಿದೆ. ಸ್ವಿಚ್ ಒತ್ತಿದರೆ ಫ್ಯಾನ್ ಅರ್ಧ ಸುತ್ತು ಸುತ್ತಿ ನಿಲ್ಲುತ್ತಿತ್ತು. ಬೋರ್ಡ್ ಹೋಗಿದೆ ಅಂತ ನಾನೇ ತೀರ್ಪು ಕೊಟ್ಟು, ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಹೋಗಿ ಅಂಗಡಿಯವರ ಜೊತೆ ಜಗಳಕ್ಕೆ ನಿಂತೆ. ಆತ ಏನೂ ಮಾತಾಡಲಿಲ್ಲ. ಕೌಂಟರಿನ ಮೇಲೆ ಒಂದು ರಟ್ಟು ಹಾಸಿ, ಅದರ ಮೇಲೆ ಬೋರ್ಡ್ ಇಟ್ಟು, ಎಸ್‌ಎಂಪಿಎಸ್ ಅನ್ನುವ ಕರೆಂಟ್ ಕೊಡುವ ಡಬ್ಬಿ ಜೋಡಿಸಿ, ಬೋರ್ಡಿನಲ್ಲಿ ಪವರ್ ಸ್ವಿಚ್ಚಿನ ವೈರು ಕೂರುವ ಎರಡು ಪಿನ್ನಿಗೆ ಸ್ಕ್ರೂಡ್ರೈವರಿನ ತುದಿ ತಾಗಿಸಿದ. ಡಿಸ್‌ಪ್ಲೇ ಬಂತು! ಆಮೇಲೆ ಕೇಳಿದ, "ಮೇಡಂ, ಬೋರ್ಡಿನಲ್ಲಿ ಎಷ್ಟು ತೂತು, ಕ್ಯಾಬಿನೆಟ್ಟಿನಲ್ಲಿ ಎಷ್ಟು ಕಾಲು ಅಂತ ಎಣಿಸಿದ್ರಾ?"

ಎಣಿಸಿರಲಿಲ್ಲ. ಬೋರ್ಡನ್ನು ಎತ್ತಿ ಹಿಡಿಯುವ ಹಿತ್ತಾಳೆಯ ಪುಟ್ಟ ಕಾಲುಗಳಿರುತ್ತವಲ್ಲ, ಅವು ನನ್ನ ಕ್ಯಾಬಿನೆಟ್ಟಿನಲ್ಲಿ ಒಂಬತ್ತಿದ್ದವು. ಬೋರ್ಡಿಗೆ ತೂತು ಆರೇ. ಉಳಿದ ಮೂರರಲ್ಲಿ ಒಂದು ಬೋರ್ಡಿನ ಬೆನ್ನಿನ ಬೆಸುಗೆಗೆ ತಾಗಿ ಶಾರ್ಟ್ ಆಗುತ್ತಿತ್ತು. ವಾಪಸ್ ಬರುವಾಗ ಚನ್ನರಾಯಪಟ್ಟಣದವರೆಗೂ ಕಿಟಕಿ ಕಡೆ ಮುಖ ಮಾಡಿ ಕೂತಿದ್ದೆ. ಆವತ್ತಿನಿಂದ ನಾನು ಯಾವ ಹುಡುಗರಿಗೂ ಬೋರ್ಡನ್ನು ನೇರವಾಗಿ ಕ್ಯಾಬಿನೆಟ್ಟಿಗೆ ಹಾಕಲು ಬಿಟ್ಟಿಲ್ಲ.

ನೀನೂ ಎಲ್ಲ ಬಿಚ್ಚು. ಒಣಗಿದ ರಟ್ಟಿನ ಡಬ್ಬದ ಮೇಲೆ ಬೋರ್ಡ್ ಇಡು. ಅದರ ಮೇಲೆ ಪ್ರೊಸೆಸರ್, ಅದರ ಫ್ಯಾನ್, ಒಂದೇ ಒಂದು ರ‍್ಯಾಮು, ಅಷ್ಟೇ ಇರಲಿ. ಹಾರ್ಡ್ ಡಿಸ್ಕೂ ಬೇಡ. 3470ರ ಒಳಗೇ ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಇದೆ, ಹಾಗಾಗಿ ಬೇರೆ ಗ್ರಾಫಿಕ್ಸ್ ಕಾರ್ಡೂ ಬೇಡ, ಮಾನಿಟರಿನ ವೈರನ್ನು ಬೋರ್ಡಿಗೇ ಹಾಕು. ಆನ್ ಮಾಡುವುದು ಆ ಅಂಗಡಿಯಾತ ಮಾಡಿದ ಹಾಗೇ. ಕೈ ಹಾಕುವ ಮುಂಚೆ ಪ್ರತಿ ಸಲವೂ ಗೋಡೆಯ ಪ್ಲಗ್ ತೆಗೆದಿರಬೇಕು. ಸ್ವಿಚ್ ಆಫ್ ಮಾಡಿದೆ ಅನ್ನುವುದು ಲೆಕ್ಕಕ್ಕಿಲ್ಲ.

ಪವರ್ ವೈರು ಎರಡು ಕಡೆ ಹೋಗಬೇಕು, ಇದನ್ನು ಸರಿಯಾಗಿ ನೋಡು. 24 ಪಿನ್ನಿನ ಅಗಲದ್ದನ್ನು ಎಲ್ಲರೂ ಹಾಕುತ್ತಾರೆ. ಪ್ರೊಸೆಸರ್ ಪಕ್ಕ ನಾಲ್ಕು ಪಿನ್ನಿನ ಚೌಕದ್ದು ಇನ್ನೊಂದಿದೆ, ಅದನ್ನು ಮರೆಯುತ್ತಾರೆ. ಅದಿಲ್ಲದಿದ್ದರೂ ಫ್ಯಾನ್ ತಿರುಗುತ್ತದೆ. ಡಿಸ್‌ಪ್ಲೇ ಮಾತ್ರ ಬರುವುದಿಲ್ಲ. ನೀನು ಹೇಳಿದ ಕತೆ ಥೇಟ್ ಇದೇ, ಅಲ್ವಾ? ನನಗೆ ಮೊದಲ ಅನುಮಾನ ಇದರ ಮೇಲೆ.

ಅದು ಹಾಕಿದ್ದರೆ ರ‍್ಯಾಮಿಗೆ ಬಾ. ಹಳೆಯ ರ‍್ಯಾಮಿನ ಚಿನ್ನದ ಬಣ್ಣದ ಅಂಚು ಮಲೆನಾಡಿನ ಥಂಡಿಗೆ ಮಂಕಾಗುತ್ತದೆ. ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಎರಡೂ ಬದಿ ಮೆಲ್ಲಗೆ ಉಜ್ಜು, ಪುಡಿಯನ್ನು ಬ್ರಶ್ಶಿನಿಂದ ತೆಗೆ. ಊದಬೇಡ, ಬಾಯಿಯ ಎಂಜಲು ಸ್ಲಾಟಿಗೆ ಹೋಗುತ್ತದೆ. ಹಾಕುವಾಗ ಕಚ್ಚು ನೋಡಿಕೊಂಡು ಎರಡೂ ತುದಿ ಟಕ್ ಅನ್ನುವವರೆಗೆ ಒತ್ತು. ಹೊಸಬರು ಇಲ್ಲಿ ಹೆದರಿ ಅರ್ಧಕ್ಕೇ ಬಿಡುತ್ತಾರೆ.

ಇನ್ನೂ ಬರಲಿಲ್ಲವೇ? ಹಾಗಾದರೆ ಬೋರ್ಡನ್ನೇ ಕೇಳು. ಸೊಸೈಟಿಯ ಹಳೆ ಕ್ಯಾಬಿನೆಟ್ಟಿನ ಮುಂಭಾಗದಲ್ಲಿ ಎರಡು ವೈರಿನ, ಗುಂಡಗಿನ ಕಪ್ಪು ಸ್ಪೀಕರ್ ಇದ್ದರೂ ಇರಬಹುದು. ಅದನ್ನು ಬೋರ್ಡಿನ ಸ್ಪೀಕರ್ ಪಿನ್ನಿಗೆ ಹಾಕಿ, ರ‍್ಯಾಮು ಪೂರ್ತಿ ತೆಗೆದು ಆನ್ ಮಾಡು. ಬೀಪ್ ಅಂತ ಕೂಗಿಕೊಂಡರೆ ಖುಷಿಪಡು. ಬೋರ್ಡು, ಪ್ರೊಸೆಸರು ಬದುಕಿವೆ, ರ‍್ಯಾಮು ಎಲ್ಲಿ ಅಂತ ಕೇಳುತ್ತಿವೆ. ಆಗ ಒಂದೊಂದೇ ರ‍್ಯಾಮನ್ನು ಒಂದೊಂದೇ ಸ್ಲಾಟಿಗೆ ಹಾಕಿ ನೋಡು. ಎರಡು ರ‍್ಯಾಮು, ಎರಡು ಸ್ಲಾಟು, ನಾಲ್ಕೇ ಸಲ.

ಒಂದು ಸಲಕ್ಕೆ ಒಂದೇ ಬದಲಾವಣೆ, ಗೊತ್ತಾಯ್ತಾ? ರ‍್ಯಾಮು ಬದಲಿಸಿದ ಹೊತ್ತಲ್ಲೇ ಬೋರ್ಡಿನ ಸೆಲ್ಲನ್ನೂ ತೆಗೆದು, ವೈರನ್ನೂ ಅಲ್ಲಾಡಿಸಿ, ಹೇಗೋ ಸರಿಹೋದರೆ ಯಾವುದರಿಂದ ಸರಿಹೋಯಿತು ಅಂತ ನಿನಗೆ ಗೊತ್ತಾಗುವುದಿಲ್ಲ. ಮುಂದಿನ ವಾರ ಮತ್ತೆ ಕೆಟ್ಟಾಗ ಮೊದಲಿನಿಂದ ಶುರು. ಒಂದು ನೋಟ್‌ಬುಕ್ಕಿನಲ್ಲಿ ಏನು ಮಾಡಿದೆ, ಏನಾಯಿತು, ಎರಡೇ ಸಾಲು ಬರೆದುಕೋ. ನಿಮ್ಮಪ್ಪ ತೋಟದ ಔಷಧಿ ಹೊಡೆದ ದಿನ ಬರೆದಿಡುತ್ತಾರಲ್ಲ, ಹಾಗೆ.

ಕೂಗದೇ ಇದ್ದರೆ ಎಸ್‌ಎಂಪಿಎಸ್ ನೋಡಬೇಕು. ಬೋರ್ಡಿನಿಂದ ಬಿಚ್ಚಿ, ಅದಕ್ಕೆ ಹಾರ್ಡ್ ಡಿಸ್ಕೊಂದನ್ನು ಸಿಕ್ಕಿಸಿ, 24 ಪಿನ್ನಿನ ಹಸಿರು ವೈರಿಗೂ ಕಪ್ಪು ವೈರಿಗೂ ಒಂದು ತುಂಡು ತಂತಿ ಕೊಟ್ಟರೆ ತಾನಾಗಿಯೇ ಆನ್ ಆಗುತ್ತದೆ. ಪ್ಲಗ್ ಹಾಕುವ ಮುಂಚೆಯೇ ತಂತಿ ಕೊಟ್ಟಿರು. ನಿಮ್ಮಪ್ಪನ ಮಲ್ಟಿಮೀಟರಿನಲ್ಲಿ ಕಪ್ಪಿಗೂ ಹಳದಿಗೂ ನಡುವೆ 11.4ರಿಂದ 12.6, ಕಪ್ಪಿಗೂ ಕೆಂಪಿಗೂ ನಡುವೆ 4.75ರಿಂದ 5.25 ವೋಲ್ಟ್ ಬರಬೇಕು. ಆಚೆ ಈಚೆ ಇದ್ದರೆ ಆ ಎಸ್‌ಎಂಪಿಎಸ್ ಬೇಡವೇ ಬೇಡ. ಕುತೂಹಲಕ್ಕೂ ಅದರ ಡಬ್ಬಿ ಬಿಚ್ಚಬೇಡ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಪ್ಲಗ್ ತೆಗೆದ ಮೇಲೂ 300 ವೋಲ್ಟ್ ಕೂತಿರಬಹುದು. ಇದೊಂದರಲ್ಲಿ ನನ್ನ ಮಾತು ಮೀರಬೇಡ. ಎಲ್ಲ ಹಳೆಯದು ಇರಲಿ, ಎಸ್‌ಎಂಪಿಎಸ್ ಮಾತ್ರ ಹೊಸದು ತಗೋ, ದುಡ್ಡು ನಾನು ಕಳಿಸುತ್ತೇನೆ. 450 ವ್ಯಾಟ್ ಅಂತ ಬರೆದು ಕೈಯಲ್ಲಿ ಹಿಡಿದರೆ ಖಾಲಿ ಟಿಫಿನ್ ಡಬ್ಬಿಯಂತಿರುವುದನ್ನು ತರಬೇಡ.

ಅದೂ ಸರಿಯಿದ್ದರೆ ಬೋರ್ಡಿನ ದುಂಡು ಸೆಲ್, ಸಿಆರ್2032, ತೆಗೆದು ಐದು ನಿಮಿಷ ಬಿಟ್ಟು ಹೊಸದು ಹಾಕು. ಇನ್ನೂ ಒಂದು ಸಾಧ್ಯತೆ ಇದೆ, ಇದು ಅಂಗಡಿಯವರೂ ಎಷ್ಟೋ ಸಲ ಮರೆಯುವಂಥದ್ದು. ಎಚ್61 ಬೋರ್ಡುಗಳು ಬಂದಿದ್ದು 2011ರಲ್ಲಿ. ನಿನ್ನ 3470 ಬಂದಿದ್ದು 2012ರಲ್ಲಿ, ಮೂರನೇ ತಲೆಮಾರಿನದು. ಮೊದಮೊದಲ ಬೋರ್ಡುಗಳ ಬಯೋಸಿಗೆ, ಅಂದರೆ ಆನ್ ಆದ ಕೂಡಲೇ ಓಡುವ ಬೋರ್ಡಿನೊಳಗಿನ ಪುಟ್ಟ ಪ್ರೋಗ್ರಾಮಿಗೆ, ಆ ಪ್ರೊಸೆಸರ್ ಯಾರೆಂದೇ ಗೊತ್ತಿಲ್ಲ. ಎರಡನೇ ತಲೆಮಾರಿನ ಪ್ರೊಸೆಸರ್ ಹಾಕಿ, ಬಯೋಸ್ ಅಪ್‌ಡೇಟ್ ಮಾಡಿ, ಆಮೇಲೆ ಇದನ್ನು ಕೂರಿಸಬೇಕು. ನನ್ನ ಹತ್ತಿರ ಒಂದು ಐ3-2100 ಇದೆ, ಹಬ್ಬಕ್ಕೆ ಬರುವಾಗ ತರುತ್ತೇನೆ. ಈ ಕೆಲಸವನ್ನು ಕರೆಂಟ್ ಹೋಗಿ ಬರುವ ಮಳೆಯ ದಿನ ಯುಪಿಎಸ್ ಇಲ್ಲದೆ ಮಾಡಲು ಹೋಗಬೇಡ. ನಡುವೆ ಕರೆಂಟ್ ಹೋದರೆ ಬೋರ್ಡ್ ಏಳುವುದಿಲ್ಲ.

ಪ್ರೊಸೆಸರ್ ಫ್ಯಾನ್ ತೆಗೆದಾಗಲೆಲ್ಲ ಶಾಖ ದಾಟಿಸುವ ಹಳೆಯ ಪೇಸ್ಟ್ ಒರೆಸಿ ಹೊಸದು ಹಾಕು. ಒಂದು ತೊಗರಿ ಕಾಳಿನಷ್ಟು, ನಡುವೆ. ದೋಸೆಗೆ ಬೆಣ್ಣೆ ಹಚ್ಚಿದ ಹಾಗೆ ಹಚ್ಚುವುದು ಬೇಡ. ಫ್ಯಾನಿನ ನಾಲ್ಕು ಕಾಲು ಕೂತಿವೆಯೇ ಅಂತ ಬೋರ್ಡನ್ನು ತಿರುಗಿಸಿ ಹಿಂದಿನಿಂದ ನೋಡು.

ಡಿಸ್‌ಪ್ಲೇ ಬಂದ ಮೇಲೆ ಕ್ಯಾಬಿನೆಟ್ಟಿಗೆ ಹಾಕು. ಕಾಲು ಎಣಿಸಿ! ಹಿಂದಿನ ಖಾಲಿ ಕಿಂಡಿಗಳಿಗೆಲ್ಲ ತಗಡು ಮುಚ್ಚು. ಬೆಚ್ಚಗಿದೆ ಅಂತ ಹಲ್ಲಿ ಒಳಗೆ ಹೋಗುತ್ತದೆ, ಅದೂ ಸಾಯುತ್ತದೆ, ಬೋರ್ಡನ್ನೂ ಸಾಯಿಸುತ್ತದೆ.

ಸೊಸೈಟಿಯ ಹಾರ್ಡ್ ಡಿಸ್ಕಿನ ವಿಷಯ. ಅದರಲ್ಲಿ ಊರವರ ಸಾಲದ ಲೆಕ್ಕ ಇರಬಹುದು. ತೆರೆದು ನೋಡಬೇಡ, ನೋಡಿದರೂ ಯಾರಿಗೂ ಹೇಳಬೇಡ. ಬರೀ ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಅಳಿಯುವುದಿಲ್ಲ, ಪೂರ್ತಿ ಸೊನ್ನೆ ಬರೆಸಬೇಕು. ಹೇಗೆ ಅಂತ ಬಂದಾಗ ತೋರಿಸುತ್ತೇನೆ. ಕಂಪ್ಯೂಟರ್ ಓಡಿಸಲು, ಹಾರ್ಡ್ ಡಿಸ್ಕಿಗಿಂತ ವೇಗದ ಸಣ್ಣದೊಂದು ಎಸ್‌ಎಸ್‌ಡಿ ತಗೋ, ಹಳೆ ಯಂತ್ರಕ್ಕೆ ಅದರಷ್ಟು ಜೀವ ತುಂಬುವುದು ಬೇರೆ ಇಲ್ಲ. ವಿಂಡೋಸ್ 11 ಈ ಪ್ರೊಸೆಸರನ್ನು ಒಪ್ಪುವುದಿಲ್ಲ, 10ಕ್ಕೆ ಬೆಂಬಲ 2025ರ ಅಕ್ಟೋಬರಿಗೆ ಮುಗಿಯಿತು. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕು. ಅದರ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡ ಕಗಪ ಅನ್ನುವ ಕೀಲಿ ಜೋಡಣೆಯೇ ಇದೆ, ನೀನು ಶಾಲೆಯಲ್ಲಿ ನುಡಿ ತಂತ್ರಾಂಶದಲ್ಲಿ ಕಲಿತ ಬೆರಳು ಬಹುಮಟ್ಟಿಗೆ ಹಾಗೇ ನಡೆಯುತ್ತದೆ.

ಅಕ್ಕನಿಗೆ, ಭಾವನಿಗೆ ನನ್ನ ನಮಸ್ಕಾರ ಹೇಳು. ನಾಲ್ಕು ಪಿನ್ನಿನ ವೈರ್ ಹಾಕಿದ್ದೆಯೋ ಇಲ್ಲವೋ, ಅದನ್ನು ಮೊದಲು ಫೋನ್ ಮಾಡಿ ಹೇಳು.

ಇಂತಿ ನಿನ್ನ
ಚಿಕ್ಕಮ್ಮ

ತಾ.ಕ.: ಕ್ಯಾಬಿನೆಟ್ ಮುಟ್ಟಿದರೆ ಚುರ್ ಅನ್ನುತ್ತೆ ಅಂದಿದ್ದೆ. ಅದು ಬಹುಶಃ ಯಂತ್ರದ ತಪ್ಪಲ್ಲ, ಮನೆಯ ಅರ್ಥಿಂಗ್ ಸರಿಯಿರಲಿಕ್ಕಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಹಿತ್ತಲಿನ ಅರ್ಥ್ ಗುಂಡಿ ತೆಗೆಸಿ, ಇದ್ದಿಲು, ಉಪ್ಪು ತುಂಬಿಸಲು ಭಾವನಿಗೆ ಹೇಳು. ಅಲ್ಲಿವರೆಗೆ ಬರಿಗಾಲಿನಲ್ಲಿ ಅದನ್ನು ಮುಟ್ಟಬೇಡ.