ಪೆನಿಸಿಲಿನ್ ಪ್ರೋಬ್ ಬದಲು ಇನ್ನು ಫ್ಲೋ ಯೂನಿಟ್: ನಮ್ಮ ಗ್ರಾಹಕರಿಗೆ ಪತ್ರ

ಪ್ರಿಯ ಗ್ರಾಹಕರೇ, ನಮಸ್ಕಾರ.

ಮುಂದಿನ ತಿಂಗಳಿಂದ, ದ್ರವದಲ್ಲಿ ಪೆನಿಸಿಲಿನ್ ಎಷ್ಟಿದೆ ಎಂದು ಅಳೆಯುವ ನಮ್ಮ ಪೆನಿಸಿಲಿನ್ ಪ್ರೋಬ್ ಮಾರುವುದನ್ನು ನಿಲ್ಲಿಸುತ್ತಿದ್ದೇವೆ. ಅದರ ಜಾಗಕ್ಕೆ ಫ್ಲೋ ಯೂನಿಟ್ ಬರುತ್ತದೆ. ಲ್ಯಾಬಿನ ಬೀಕರಿನಲ್ಲಿ ಆ ಪ್ರೋಬ್ ಇವತ್ತಿಗೂ ಚೆನ್ನಾಗಿಯೇ ಅಳೆಯುತ್ತದೆ. ತೊಂದರೆ ಕೊಟ್ಟದ್ದು ಫರ್ಮೆಂಟರಿನ (ಶಿಲೀಂಧ್ರ ಬೆಳೆಸಿ ಪೆನಿಸಿಲಿನ್ ಮಾಡುವ ಟ್ಯಾಂಕಿನ) ಒಳಗಿನ ದ್ರವ, ಅಂದರೆ ಬ್ರಾತ್.

ಪ್ರೋಬಿನ ಕೆಲಸ ನಿಮಗೆ ಗೊತ್ತೇ ಇದೆ. ಪಿಎಚ್ ಎಲೆಕ್ಟ್ರೋಡಿನ ಗಾಜಿನ ಮೇಲೆ ಪೆನಿಸಿಲಿನೇಸ್ ಕಿಣ್ವದ ತೆಳು ಪದರ. ಅದು ಪೆನಿಸಿಲಿನ್ನಿನ ಬೀಟಾ-ಲ್ಯಾಕ್ಟಮ್ ಉಂಗುರ ಒಡೆದು ಪೆನಿಸಿಲೋಯಿಕ್ ಆಮ್ಲ ಮಾಡುತ್ತದೆ. ಪಿಎಚ್ ಇಳಿಯುತ್ತದೆ, ಇಳಿತ ನೋಡಿ ಪೆನಿಸಿಲಿನ್ ಎಷ್ಟೆಂದು ಲೆಕ್ಕ ಹಾಕುತ್ತೇವೆ. 1970ರ ದಶಕದ ಉಪಾಯ ಇದು. ಔಷಧಿಗೆ ಜಗ್ಗದಿರಲು ಬ್ಯಾಕ್ಟೀರಿಯಾ ಇಟ್ಟುಕೊಂಡ ಕಿಣ್ವವನ್ನೇ ಅಳತೆಗೆ ಹಚ್ಚಿದವರ ತಲೆಗೆ ಶಹಬ್ಬಾಸ್ ಅನ್ನಲೇಬೇಕು.

ಆದರೆ ಪಿಎಚ್ ಎಷ್ಟು ಇಳಿಯಬೇಕು ಅನ್ನುವುದು ಪೆನಿಸಿಲಿನ್ ಒಂದರ ಕೈಯಲ್ಲಿಲ್ಲ. ಬ್ರಾತ್‌ನಲ್ಲಿರುವ ಫಾಸ್ಫೇಟ್, ಮೆಕ್ಕೆಜೋಳ ನೆನೆಸಿದ ನೀರಾದ ಕಾರ್ನ್ ಸ್ಟೀಪ್ ಲಿಕರ್‌ನಿಂದ ಬಂದ ಆಮ್ಲಗಳು ಎಲ್ಲ ಸೇರಿ ಆ ಇಳಿತವನ್ನು ತಡೆಯುತ್ತವೆ. ಈ ತಡೆ ಬ್ಯಾಚ್ ಮುಂದುವರಿದಂತೆ ಬದಲಾಗುತ್ತದೆ. ಹಾಗಾಗಿ ಅಷ್ಟೇ ಪೆನಿಸಿಲಿನ್‌ಗೆ ಎರಡನೇ ದಿನ ಒಂದು ಅಂಕಿ, ಐದನೇ ದಿನ ಇನ್ನೊಂದು. "ಎಚ್‌ಪಿಎಲ್‌ಸಿ (ದ್ರವದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಒಂದು ಹೇಳುತ್ತೆ, ನಿಮ್ಮ ಪ್ರೋಬ್ ಇನ್ನೊಂದು" ಎಂದು ನೀವು ಫೋನ್ ಮಾಡಿದಾಗ, ಕ್ಯಾಲಿಬ್ರೇಷನ್ ಸರಿಯಾಗಿ ಮಾಡಿ ಎಂದು ನಿಮಗೇ ಹೇಳಿದೆವು. ತಪ್ಪು ನಮ್ಮದೇ.

ಪ್ರೋಬನ್ನೇ ಟ್ಯಾಂಕಿಗೆ ಇಳಿಸಬಹುದಲ್ವಾ ಎಂದು ಕೆಲವರು ಕೇಳಿದ್ದಿರಿ. ಟ್ಯಾಂಕಿನ ಸೂಕ್ಷ್ಮಾಣು ಕೊಲ್ಲಲು ಬಿಡುವ 121 ಡಿಗ್ರಿ ಸ್ಟೀಮಿಗೆ ಕಿಣ್ವ ಉಳಿಯುವುದಿಲ್ಲ. ಹೇಗೋ ಉಳಿಸಿಕೊಂಡರೂ, ಪದರ ಕಿತ್ತು ಬ್ರಾತ್‌ಗೆ ಬಿದ್ದರೆ ನೀವು ಕಷ್ಟಪಟ್ಟು ಮಾಡಿದ ಪೆನಿಸಿಲಿನ್ನನ್ನೇ ಒಡೆಯುತ್ತಾ ಕೂರುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಹೊಸ ಯೂನಿಟ್ ಟ್ಯಾಂಕಿನ ಹೊರಗೇ ಇರುತ್ತದೆ. ಫಿಲ್ಟರ್ ಮೂಲಕ ಸ್ವಲ್ಪ ಬ್ರಾತ್ ಎಳೆದು, ನಮ್ಮ ಬಫರ್‌ನಲ್ಲಿ (ಪಿಎಚ್ ಸುಲಭವಾಗಿ ಬದಲಾಗದಂತೆ ತಡೆಯುವ ದ್ರಾವಣ) ಚೆನ್ನಾಗಿ ತೆಳು ಮಾಡುತ್ತದೆ. ಆಗ ಬ್ರಾತ್‌ನ ಸ್ವಂತ ತಡೆ ಲೆಕ್ಕಕ್ಕೇ ಬರುವುದಿಲ್ಲ. ನಂತರ ಅದು ಎರಡು ದಾರಿಯಲ್ಲಿ ಹರಿಯುತ್ತದೆ. ಒಂದರ ಗಾಜಿನ ಮಣಿಗಳ ಮೇಲೆ ಕಿಣ್ವ ಇದೆ, ಇನ್ನೊಂದರಲ್ಲಿ ಬರೀ ಮಣಿ. ಎರಡರ ಪಿಎಚ್ ವ್ಯತ್ಯಾಸವೇ ನಿಮಗೆ ಬೇಕಾದ ಅಂಕಿ. ಆಗಲೇ ಒಡೆದುಹೋದ ಪೆನಿಸಿಲಿನ್ ಇದರಲ್ಲಿ ಸೇರುವುದಿಲ್ಲ. ಅಳೆದ ಸ್ಯಾಂಪಲ್ ಚರಂಡಿಗೆ, ಟ್ಯಾಂಕಿಗೆ ಮರಳುವ ಮಾತೇ ಇಲ್ಲ.

ಇದಕ್ಕೆ ಬಫರ್ ಖರ್ಚು ಜಾಸ್ತಿ. ಅಂಕಿ ಬರುವುದೂ ಕೆಲವು ನಿಮಿಷಕ್ಕೊಮ್ಮೆ. ಶಿಲೀಂಧ್ರದ ಎಳೆಗಳು ಫಿಲ್ಟರನ್ನು ಮುಚ್ಚಿಬಿಡುತ್ತವೆ, ಆದ್ದರಿಂದ ಪ್ರತಿ ಬ್ಯಾಚಿಗೂ ಹೊಸ ಫಿಲ್ಟರ್ ಹಾಕಿ. ಕಿಣ್ವದ ಕಾರ್ಟ್ರಿಡ್ಜ್ ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿರಲಿ, ಫ್ರೀಜರ್‌ಗೆ ಮಾತ್ರ ಬೇಡ. ಪೆನಿಸಿಲಿನ್ನಿನ ಬಂಧುವಾದ ಸೆಫಲೋಸ್ಪೊರಿನ್ ಔಷಧಿ ಅಳೆಯುವವರು ಕೊಳ್ಳುವ ಮೊದಲು ನಮ್ಮೊಂದಿಗೆ ಮಾತಾಡಿ. ಅದನ್ನು ಒಡೆಯುವ ವೇಗ ಕಿಣ್ವದಿಂದ ಕಿಣ್ವಕ್ಕೆ ಬೇರೆ.

ಹಳೆಯ ಪ್ರೋಬ್ ಇರುವವರಿಗೆ ಇನ್ನೊಂದು ವರ್ಷ ಬದಲಿ ಕಿಣ್ವದ ಪದರ ಕೊಡುತ್ತೇವೆ. ಹಳೆಯ ಬ್ಯಾಚ್‌ನ ಅಂಕಿಗಳ ಪಕ್ಕ ಹೊಸದನ್ನು ಇಟ್ಟು ಹೋಲಿಸಬೇಡಿ, ಸುಮ್ನೆ ಗೊಂದಲ. ಮೊದಲ ಬ್ಯಾಚನ್ನು ಎಚ್‌ಪಿಎಲ್‌ಸಿ ಜೊತೆಗೇ ಓಡಿಸಿ, ಎರಡೂ ಅಂಕಿ ನಮಗೆ ಕಳಿಸಿ. ಹೊಂದದಿದ್ದರೆ ಈ ಸಲ ನಾವೇ ಬಂದು ನೋಡುತ್ತೇವೆ.

ಇಂತಿ,
ಸೆನ್ಸರ್ ವಿಭಾಗದ ಪರವಾಗಿ