ಅಂಗಡಿ ತೆಗೆಯೋ ದಿನಾನೇ ಬಿಡೋ ಮಾತೂ ಬರ್ಕೊಳ್ಳಿ

ಸಂಪಾದಕರೇ,

ನಿಮ್ಮ ಪೇಪರ್‌ನಲ್ಲಿ ವಾರಕ್ಕೊಂದಾದ್ರೂ ಸ್ವಂತ ಉದ್ಯೋಗದ ಸುದ್ದಿ ಇರತ್ತೆ, ಮುದ್ರಾ ಸಾಲ ಹೆಂಗೆ ತಗೊಳ್ಳೋದು, ಪಿಎಂಇಜಿಪಿ ಸಬ್ಸಿಡಿಗೆ ಅರ್ಜಿ ಎಲ್ಲಿ ಹಾಕೋದು, ಜೊತೆಗೆ ಟೇಪ್ ಕಟ್ ಮಾಡೋ ಫೋಟೋ. ಓದೋಕೆ ಖುಷೀನೇ. ಆದ್ರೆ ಶುರು ಮಾಡಿದ್ದನ್ನ ಬಿಡೋದು ಹೆಂಗೆ ಅಂತ ಒಂದು ಸಾಲೂ ನಾನು ಕಂಡಿಲ್ಲ, ಅದಕ್ಕೇ ಬರೀತಿದೀನಿ, ಉದ್ದ ಆದ್ರೆ ಕತ್ರಿ ಹಾಕಿ.

2017ರಲ್ಲಿ ನಾನೂ ನನ್ನ ಕ್ಲಾಸ್‌ಮೇಟೂ ಸೇರಿ ತುಮಕೂರಲ್ಲಿ ಮರದ ಗಾಣದ ಎಣ್ಣೆ ಶುರು ಮಾಡಿದ್ವಿ. ತಿಪಟೂರು ಕೊಬ್ರಿ, ಪಾವಗಡದ ಕಡ್ಲೇಕಾಯಿ ತಂದು ಎಣ್ಣೆ ತೆಗೆದು, ಮಂಡಿಪೇಟೆ ಅಂಗಡಿಗಳಿಗೆ ನಾವೇ ಟಿವಿಎಸ್‌ನಲ್ಲಿ ಹಾಕ್ಕೊಂಡು ಹೋಗಿ ಕೊಡ್ತಿದ್ವಿ. ಪಾರ್ಟ್ನರ್‌ಶಿಪ್ ಡೀಡು ಕೋರ್ಟ್ ಮುಂದೆ ಟೈಪ್ ಮಾಡಿಸಿದ್ದು, ಎರಡೇ ಹಾಳೆ. ಲಾಭ ಅರ್ಧರ್ಧ ಅಂತಿತ್ತು, ಯಾರಾದ್ರೂ ಬಿಟ್ರೆ ಏನು ಅನ್ನೋದಕ್ಕೆ "ಪರಸ್ಪರ ಒಪ್ಪಿಗೆಯ ಮೇರೆಗೆ" ಅಂತ ಒಂದು ಲೈನು. ಅಷ್ಟು ಒಪ್ಪಿಗೆ ಇದ್ದಿದ್ರೆ ಯಾರು ಸಾರ್ ಡೀಡ್ ತೆಗೆದು ನೋಡ್ತಾರೆ?

2021ರಲ್ಲಿ ಅಪ್ಪಂಗೆ ಹುಷಾರು ತಪ್ಪಿ ನಾನು ಹೊರಗೆ ಬರಬೇಕಾಯ್ತು. ಗಾಣ ತಂದಾಗ ಎರಡೂವರೆ ಲಕ್ಷ, ಇನ್‌ಕಮ್ ಟ್ಯಾಕ್ಸ್ ಲೆಕ್ಕದಂಗೆ ವರ್ಷಕ್ಕೆ 15 ಪರ್ಸೆಂಟ್ ಸವಕಳಿ ಕಳೆದ್ರೆ 4 ವರ್ಷಕ್ಕೆ 1.30 ಲಕ್ಷ ಚಿಲ್ರೆ, ಅವನು ಅದನ್ನೇ ಹಿಡ್ಕೊಂಡ, ನಾನು ಹೊಸದಕ್ಕೆ ಮೂರು ಲಕ್ಷ ಆಗತ್ತೆ ಅಂತ ಹಿಡ್ಕೊಂಡೆ. ಇನ್ನು ತಿಂಗಳು ತಿಂಗಳು ತಪ್ಪದೆ ಎಣ್ಣೆ ತಗೊಳ್ಳೋ ಇನ್ನೂರು ಮನೆಗಳಿಗೆ ಯಾವ ಪುಸ್ತಕದಲ್ಲೂ ರೇಟೇ ಇಲ್ಲ. ಅದೇ ತಾನೆ ನಿಜವಾದ ಆಸ್ತಿ? ಕೊನೆಗೆ ಇಬ್ಬರ ಹೆಂಡ್ತೀರು ಕೂತು ಮಾತಾಡಿ ಒಂದು ಮೊತ್ತಕ್ಕೆ ತಂದ್ರು. ಕೈ ಕುಲುಕಿ ಬಂದ್ಬಿಟ್ಟೆ, ಮುಗೀತು ಅನ್ಕೊಂಡೆ.

ಎಂಟು ತಿಂಗಳಾದ್ಮೇಲೆ ಬಾಟಲಿ ಸಪ್ಲೈ ಮಾಡೋರು ಮನೆ ಮುಂದೆ ನಿಂತಿದ್ರು, 1.80 ಲಕ್ಷ ಬಾಕಿ, ಅದೂ ನಾನು ಬಿಟ್ಟ ಮೇಲೆ ಹೋಗಿರೋ ಮಾಲು! ವಕೀಲರ ಹತ್ರ ಓಡಿದ್ರೆ ಅವರು 1932ರ ಪಾಲುದಾರಿಕೆ ಕಾಯ್ದೆ ತೆಗೆದ್ರು. 32ನೇ ಸೆಕ್ಷನ್ ಪ್ರಕಾರ ಪಾಲುದಾರ ಹೊರಗೆ ಬಂದ್ರೂ ಪಬ್ಲಿಕ್ ನೋಟಿಸ್ ಕೊಡೋವರೆಗೂ ಹೊರಗಿನೋರಿಗೆ ಅವನು ಜವಾಬ್ದಾರನೇ, ನಾನು ಪಾಲುದಾರ ಅಂತ ಗೊತ್ತೇ ಇಲ್ಲದ ಪಾರ್ಟಿ ಆಗಿದ್ರೆ ಬಚಾವ್ ಆಗ್ತಿದ್ದೆ, ಇವರು ನನ್ನ ಮುಖ ನೋಡೇ ಸಾಲ ಕೊಟ್ಟೋರು. ಆ ನೋಟಿಸು ಹೆಂಗೆ ಕೊಡ್ಬೇಕು ಅಂತ 72ನೇ ಸೆಕ್ಷನ್ನಲ್ಲಿದೆ: ರಾಜ್ಯಪತ್ರ ಅಂದ್ರೆ ಸರ್ಕಾರದ ಗೆಜೆಟ್‌ನಲ್ಲಿ ಬರಬೇಕು, ಆ ಜಿಲ್ಲೇಲಿ ಓಡಾಡೋ ಒಂದು ಸ್ಥಳೀಯ ಭಾಷೆ ಪತ್ರಿಕೇಲೂ ಬರಬೇಕು, ಫರ್ಮ್ ರಿಜಿಸ್ಟರ್ ಆಗಿದ್ರೆ ರಿಜಿಸ್ಟ್ರಾರ್‌ಗೂ ಹೇಳ್ಬೇಕು. ಅಂದ್ರೆ ನಿಮ್ಮ ಪೇಪರ್‌ ಮೂಲೇಲಿ ಇರುವೆ ಅಕ್ಷರದಲ್ಲಿ ಬರತ್ತಲ್ಲ, ನಾವು ಯಾರೂ ಓದದೆ ಬೋಂಡ ಕಟ್ಟಿಸ್ಕೊಳ್ಳೋ ಪುಟ, ಅದೇ.

ಜಿಎಸ್‌ಟೀದೂ ಇದೇ ಕತೆ. ಬಿಟ್ಟ ಒಂದು ತಿಂಗಳೊಳಗೆ ಇಲಾಖೆಗೆ ಬರೆದು ತಿಳಿಸ್ಬೇಕು, ಇಲ್ಲ ಅಂದ್ರೆ ತಿಳಿಸೋ ದಿನದವರೆಗಿನ ತೆರಿಗೆ ಬಾಕೀನೂ ನಮ್ಮ ತಲೆಗೆ. ಫರ್ಮಿನ ಬ್ಯಾಂಕ್ ಸಾಲಕ್ಕೆ ನಾವು ಹಾಕಿದ ಗ್ಯಾರಂಟಿ ಅಂತೂ ಬ್ಯಾಂಕಿನೋರು ಬರೆದು ಬಿಡುಗಡೆ ಮಾಡೋವರೆಗೂ ಹಂಗೇ ಇರತ್ತೆ, ನನ್ನದನ್ನ ಬಿಡಿಸ್ಕೊಳ್ಳೋಕೆ ಹದಿನಾಲ್ಕು ಸಲ ಹೋಗಿದೀನಿ. ವಸಂತನರಸಾಪುರದಲ್ಲಿ ಪ್ರೈವೇಟ್ ಲಿಮಿಟೆಡ್ ಮಾಡಿದ್ದ ನಮ್ಮ ಭಾವಮೈದ ಸುಮ್ನೆ ಬೀಗ ಹಾಕಿ ಬಂದಿದ್ದ, ಬೀಗ ಹಾಕಿದ್ರೆ ಕಂಪನಿ ಸಾಯಲ್ಲವಂತೆ, ವರ್ಷದ ಫಾರಂ ಹಾಕ್ದೆ ಇದ್ರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ ಲೇಟ್ ಫೀ. ಅದೆಲ್ಲಾ ಕಟ್ಟಿ ಆಮೇಲೆ ಕಂಪನಿ ಹೆಸರನ್ನ ಸರ್ಕಾರದ ರಿಜಿಸ್ಟರ್‌ನಿಂದ ತೆಗೆಸೋ ಅರ್ಜಿಗೆ ಬೇರೆ 10,000.

ಈಗ ನಾನೂ ತಂಗೀನೂ ರಾಗಿ ಹಿಟ್ಟಿನ ಮಿಲ್ ಮಾಡ್ತಿದೀವಿ. ಪೂಜೆಗೆ ಮುಂಚೆ ಮೂರು ಹಾಳೆ ಬರೆದ್ವಿ. ಯಾರು ಬಿಟ್ರೂ ಮೊದಲು ಇನ್ನೊಬ್ಬರಿಗೇ ಮಾರಬೇಕು, ಬೆಲೆ ಕಟ್ಟೋದು ಇಬ್ಬರೂ ಒಪ್ಪಿರೋ ಒಬ್ಬ ಆಡಿಟರ್ರು, ದುಡ್ಡು 12 ಕಂತಲ್ಲಿ, ಬ್ರಾಂಡ್ ಹೆಸರು ಫರ್ಮಿಂದೇ, ಅಪ್ಪನ ತೋಟದ ಮೇಲೆ ಸಾಲ ತೆಗೆಯೋ ಮಾತು ಬಂದ ದಿನ ಮಿಲ್ ನಿಲ್ಲಿಸೋದು. ಅಮ್ಮಂಗೆ ಸಿಟ್ಟು, ಶುಭ ಕಾರ್ಯಕ್ಕೆ ಮುಂಚೆ ಇದೆಂಥ ಅಪಶಕುನ ಅಂತ ಎರಡು ದಿನ ಮಾತು ಬಿಟ್ಟಿದ್ಲು. ತಂಗಿ ಮಾತ್ರ ಮೂರು ಹಾಳೇನೂ ಲ್ಯಾಮಿನೇಷನ್ ಮಾಡಿಸಿದಾಳೆ.

ನಿಮ್ಮಲ್ಲಿ ಕೇಳ್ಕೊಳ್ಳೋದು ಇಷ್ಟೇ, ಆ ಟೇಪ್ ಕಟಿಂಗ್ ಪುಟದಲ್ಲೇ ತಿಂಗಳಿಗೊಂದ್ಸಲ ಬಿಡೋ ವಿಚಾರಾನೂ ಒಬ್ಬ ಆಡಿಟರ್ ಹತ್ರ ಬರೆಸಿ. ನನ್ನ ಹಳೇ ಫರ್ಮಿನ ನಿವೃತ್ತಿ ನೋಟಿಸನ್ನ ತಡವಾಗಿ ಆದ್ರೂ ನಿಮ್ಮ ಪೇಪರ್‌ನಲ್ಲೇ ಹಾಕ್ಸಿದೆ, ಕೌಂಟರಲ್ಲಿದ್ದ ಹುಡುಗ ಒಂದ್ಸಲ ಓದಿ, "ಸಾರ್, ಇದು ಶ್ರದ್ಧಾಂಜಲಿ ಕಾಲಂಗಾ?" ಅಂದ.

ಇಂತಿ,
ನಿಮ್ಮ ಓದುಗ, ಶಿರಾ ಗೇಟ್, ತುಮಕೂರು