ಶಿರಾ ಬಳಿ ನೆರವಾದ ಹಿರಿಯ ಮೆಕ್ಯಾನಿಕ್‌ಗೆ ಕೃತಜ್ಞತೆ

ನಮ್ಮ 1998ರ ಲಾರಿಯ ಎಂಜಿನ್ ನ್ಯೂಟ್ರಲ್‌ನಲ್ಲಿ ಒಮ್ಮೊಮ್ಮೆ ಮಾತ್ರ ನಡುಗುತ್ತಿದ್ದುದಕ್ಕೆ ಕಾರಣ ತಿಳಿಯದೆ, ಎಂಜಿನ್ ಒಳಗೆ ಡೀಸೆಲ್ ಸಿಂಪಡಿಸುವ ನಾಜಲ್‌ಗಳನ್ನು ಎರಡು ಸಲ ಬಿಚ್ಚಿಸಿ ಹಣ ಕಳೆದುಕೊಂಡಿದ್ದೆವು. ಕಳೆದ ವಾರ ಶಿರಾ ಬಳಿ ಹೆದ್ದಾರಿಯ ಬದಿಯಲ್ಲಿ ನೆರವಿಗೆ ಬಂದ ಹಿರಿಯರೊಬ್ಬರು ಸ್ಪ್ಯಾನರ್ ಹಿಡಿಯುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: ಟ್ಯಾಂಕ್ ತುಂಬಿದ್ದಾಗಲೂ ಹೀಗಾಗುತ್ತದೆಯೇ? ಡೀಸೆಲ್ ಅರ್ಧಕ್ಕಿಂತ ಇಳಿದಾಗ ಮಾತ್ರ ಎಂಬುದು ನನಗೆ ಹೊಳೆದದ್ದೇ ಆಗ. ಮಟ್ಟ ಇಳಿದಷ್ಟೂ ಟ್ಯಾಂಕಿನಿಂದ ಡೀಸೆಲ್ ತರುವ ಫೀಡ್ ಪಂಪ್ ಹೆಚ್ಚು ಬಲದಿಂದ ಎಳೆಯಬೇಕಾಗುವುದರಿಂದ ಪೈಪಿನ ದಾರಿಯಲ್ಲಿ ಎಲ್ಲಿಯೋ ಗಾಳಿ ಸೇರುತ್ತಿದೆ ಎಂದು ವಿವರಿಸಿದ ಅವರು, ಪಂಪಿಗೆ ಬರುವ ದಾರಿಯಲ್ಲಿ ಪಾರದರ್ಶಕ ಪೈಪಿನ ತುಂಡೊಂದನ್ನು ಜೋಡಿಸಿ, ಡೀಸೆಲ್ ಜೊತೆ ಸಾಸಿವೆಯಷ್ಟು ಗಾತ್ರದ ಗುಳ್ಳೆಗಳು ಓಡುವುದನ್ನು ಕಣ್ಣಾರೆ ತೋರಿಸಿದರು. ಟ್ಯಾಂಕಿನ ಬಳಿ ಸವೆದಿದ್ದ ತಾಮ್ರದ ವಾಷರನ್ನು ಬದಲಿಸಿ ಏರ್ ತೆಗೆದ ಮೇಲೆ ಎಂಜಿನ್ ಒಂದೇ ಸಮನೆ ಓಡತೊಡಗಿತು. ವಾಷರಿನ ಹಣವನ್ನಷ್ಟೇ ಪಡೆದು, ಹೆಸರನ್ನೂ ಹೇಳದೆ ಹೊರಟ ಆ ಹಿರಿಯರಿಗೆ ನಮ್ಮ ಮನೆಯವರೆಲ್ಲರ ಹೃತ್ಪೂರ್ವಕ ಧನ್ಯವಾದಗಳು.